ಸ್ಕೀ ಪ್ರವಾಸ: ಓದುಗರು ಕೇಳಿದ್ದು, ಬಲ್ಲವರು ಹೇಳಿದ್ದು

ಈ ಸಲದ ಪತ್ರಗಳಲ್ಲಿ ಎರಡು ಬಗೆಯವಿವೆ. ಇನ್ನೂ ಹೊರಡದವರು ಎಲ್ಲಿಗೆ, ಯಾವಾಗ, ಏನು ಹೊತ್ತು ಹೋಗಬೇಕು ಎಂದು ಕೇಳಿದ್ದಾರೆ. ಒಮ್ಮೆ ಹೋಗಿ ಬಂದವರು ಕಾಲು ಮರಗಟ್ಟಿದ್ದು, ತೊಡೆ ಉರಿದದ್ದು, ವೇಗ ಹಿಡಿತ ತಪ್ಪಿದ್ದು ಬರೆದಿದ್ದಾರೆ. ಎರಡನೆಯವರ ತೊಂದರೆಗಳ ಮೂಲ ಬಹುಪಾಲು ಒಂದೇ: ಅಳತೆ ತಪ್ಪಿದ ಬೂಟು ಮತ್ತು ಹಿಂದಕ್ಕೆ ವಾಲಿದ ನಿಲುವು. ಆದ್ದರಿಂದ ಆ ಎರಡು ಉತ್ತರಗಳನ್ನು ಕೊಂಚ ವಿಸ್ತಾರವಾಗಿಯೇ ಕೊಟ್ಟಿದ್ದೇವೆ.

ಪ್ರ: ನಾವು ಗಂಡ, ಹೆಂಡತಿ, 12 ವರ್ಷದ ಮಗ. ಮೂವರೂ ಹಿಮವನ್ನೇ ಕಂಡವರಲ್ಲ. ಒಂದು ವಾರ ರಜೆ ಹಾಕಿ ಸ್ಕೀಯಿಂಗ್ ಕಲಿಯುವ ಆಸೆ. ಗುಲ್ಮಾರ್ಗ್, ಔಲಿ, ಮನಾಲಿ, ಇವುಗಳಲ್ಲಿ ಯಾವುದು? ಯಾವ ತಿಂಗಳು?
— ಧಾರವಾಡದ ಓದುಗರು

ಉ: ಕಲಿಯುವುದೇ ಮುಖ್ಯ, ಇರುವುದು ಒಂದೇ ವಾರ ಎಂದಾದರೆ ಗುಲ್ಮಾರ್ಗ್. ಊರೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಹೊಸಬರಿಗೆ ಬೇಕಾದ ತೀರಾ ಸೌಮ್ಯವಾದ ಇಳಿಜಾರುಗಳು, ಅವುಗಳ ಮೇಲೆ ಎಳೆದೊಯ್ಯುವ ಚಿಕ್ಕ ಲಿಫ್ಟುಗಳು ಹುಲ್ಲುಗಾವಲಿನ ಅಂಚಿನಲ್ಲೇ ಇವೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೂ ಅಲ್ಲಿಯೇ ಇದೆ.

ಔಲಿಯ ಇಳಿಜಾರು ಚೆನ್ನ. ಗಢವಾಲ್ ಮಂಡಲ ವಿಕಾಸ ನಿಗಮದ 7 ಮತ್ತು 14 ದಿನಗಳ ಕೋರ್ಸುಗಳಿಗೆ ಒಳ್ಳೆಯ ಹೆಸರಿದೆ. ಆದರೆ ಋಷಿಕೇಶದಿಂದ ಔಲಿಯ ಬುಡದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಬೆಟ್ಟದ ರಸ್ತೆ, ಹೋಗಿ ಬರುವುದಕ್ಕೇ ಎರಡು ದಿನ ಕಳೆಯುತ್ತದೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿತು, ಆಮೇಲಿನದೆಲ್ಲ ರಸ್ತೆ ಪ್ರಯಾಣ. 14 ದಿನ ಕೊಡಬಲ್ಲವರು ಔಲಿಯನ್ನು ಆರಿಸಿಕೊಳ್ಳಲಿ. ಮನಾಲಿಯ ಬಳಿಯ ಸೋಲಂಗ್ ಕಣಿವೆ ಒಂದು ದಿನ ರುಚಿ ನೋಡಲು ಸಾಕು. ಪ್ರವಾಸಿಗರ ಜಂಗುಳಿಯ ನಡುವೆ ಪಾಠ ಮೈಗೂಡುವುದು ಕಷ್ಟ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಗೆ ಚಿಲ್ಲೈ ಕಲಾನ್ ಎನ್ನುತ್ತಾರೆ. ಕ್ರಿಸ್‌ಮಸ್ ವಾರದಲ್ಲಿ ಜನ ತುಂಬಿರುತ್ತಾರೆ, ಹಿಮದ ತಳಪದರ ಮಾತ್ರ ಇನ್ನೂ ತೆಳು. ಜನವರಿಯ ಕೊನೆಯ ವಾರ ಮತ್ತು ಫೆಬ್ರುವರಿಯ ಮೂರನೆಯ ವಾರದ ನಡುವೆ ನಿಮ್ಮ ಪ್ರವಾಸ ಬರುವಂತೆ ನೋಡಿಕೊಳ್ಳಿ. ಆದರೂ ಖಾತರಿ ಇಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬರಿದಾಗಿತ್ತು. 2025ರಲ್ಲಿ ಹಿಮ ಸಾಲದೆ ಅಲ್ಲಿನ ಖೇಲೋ ಇಂಡಿಯಾ ಚಳಿಗಾಲದ ಕೂಟ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೆ ಹೋಯಿತು. ರದ್ದು ಮಾಡಿದರೆ ಹಣ ಮರಳುವಂಥ ಕೋಣೆಯನ್ನೇ ಕಾಯ್ದಿರಿಸಿ.

ಎಂಟು ದಿನ ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಜನವರಿಯಲ್ಲಿ ದೆಹಲಿಯ ಮಂಜಿನಿಂದ ಬೆಳಗಿನ ವಿಮಾನಗಳು ತಡವಾಗುತ್ತವೆ, ಆದ್ದರಿಂದ ದೆಹಲಿಯಲ್ಲಿ ವಿಮಾನ ಬದಲಿಸುವುದಾದರೆ ನಡುವೆ ನಾಲ್ಕು ಗಂಟೆಯಾದರೂ ಇರಲಿ. ಮೊದಲ ರಾತ್ರಿ ಸುಮಾರು 1,600 ಮೀಟರ್ ಎತ್ತರದ ಶ್ರೀನಗರದಲ್ಲೇ ಮಲಗಿ. ಮರುದಿನ ತಂಗ್‌ಮಾರ್ಗ್‌ವರೆಗೆ ಕಾರು. ಅಲ್ಲಿಂದ ಮೇಲಿನ 13 ಕಿ.ಮೀ. ಹಿಮವಿದ್ದ ದಿನ ಚಕ್ರಕ್ಕೆ ಸರಪಳಿ ಬಿಗಿದ ಗಾಡಿಯಲ್ಲೇ ಹೋಗಬೇಕು. ಅಂದು ಸಂಜೆ ಸ್ಕೀ ಮುಟ್ಟಬೇಡಿ, ನೀರು ಕುಡಿದು ವಿಶ್ರಾಂತಿ ತೆಗೆದುಕೊಳ್ಳಿ. ಆ ಎತ್ತರದಲ್ಲಿ ಮೊದಲ ದಿನವೇ ದಣಿದರೆ ತಲೆನೋವು, ವಾಕರಿಕೆ ಹಿಡಿದು ಎರಡನೆಯ ದಿನವೂ ಹಾಳಾಗುತ್ತದೆ. ಆಮೇಲೆ ಐದು ದಿನ, ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಪಾಠ. ಕೊನೆಯ ದಿನ ಮರುಪ್ರಯಾಣ. ಅದರಾಚೆ ಇನ್ನೊಂದು ದಿನ ಖಾಲಿ ಬಿಡಿ, ಹಿಮ ಸುರಿದರೆ ಶ್ರೀನಗರದ ವಿಮಾನಗಳು ರದ್ದಾಗುತ್ತವೆ.

ಹೊರಡುವ ಮುಂಚೆ ಎರಡು ಕೆಲಸ ಮರೆಯಬೇಡಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಆಗಿರಲಿ. ಹೋಟೆಲಿನಲ್ಲಿ ಕೋಣೆ ಬೆಚ್ಚಗಿಡುವ ವ್ಯವಸ್ಥೆ ಏನೆಂದು ಕೇಳಿ. ಕಟ್ಟಿಗೆ ಉರಿಸುವ ಬುಖಾರಿ ಒಲೆ ಇದ್ದರೆ ಹೊಗೆಕೊಳವೆ ಹೊರಕ್ಕೆ ಹೋಗಿದೆಯೇ ನೋಡಿ, ಮಲಗುವಾಗ ಬೆಂಕಿ ಆರಿಸಿ, ಕಿಟಕಿಯನ್ನು ಬೆರಳಗಲ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಕಾಂಗಡಿ ಎಂಬ ಕೆಂಡದ ಮಡಕೆ ಇಟ್ಟುಕೊಂಡು ಮಲಗುವುದು ಪ್ರಾಣಾಪಾಯ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಪ್ರ: ಜೀವನದಲ್ಲಿ ಒಮ್ಮೆ ಹೋಗುವ ಪ್ರವಾಸಕ್ಕೆ ಎಷ್ಟೆಲ್ಲ ಬಟ್ಟೆ ಕೊಳ್ಳಬೇಕು? ಮನೆಯಲ್ಲಿರುವ ಸ್ವೆಟರ್, ಜೀನ್ಸ್ ಸಾಲದೇ?
— ಬೆಂಗಳೂರಿನ ಓದುಗರು

ಉ: ಜೀನ್ಸ್ ಬೇಡವೇ ಬೇಡ. ಹತ್ತಿ ಬಟ್ಟೆ ಬೆವರು ಮತ್ತು ಕರಗಿದ ಹಿಮ ಎರಡನ್ನೂ ಹೀರಿಕೊಂಡು ಒಣಗದೆ ಮೈಗಂಟುತ್ತದೆ. ಹೊಸಬರು ದಿನಕ್ಕೆ ಹತ್ತಾರು ಸಲ ಬೀಳುವುದರಿಂದ ಮೊದಲ ಗಂಟೆಯಲ್ಲೇ ಒದ್ದೆಯಾಗುವುದು ಖಚಿತ. ಬನಿಯನ್ ಸಹ ಹತ್ತಿಯದಾಗಿರಬಾರದು.

ಮೈಗೆ ತಾಗುವುದನ್ನು ಕೊಳ್ಳಿ, ಹೊರಗಿನದನ್ನು ಬಾಡಿಗೆಗೆ ತನ್ನಿ. ಕೊಳ್ಳಬೇಕಾದವು: ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆಯ ಒಳ ಉಡುಪು ಎರಡು ಜೊತೆ, ಮೊಣಕಾಲಿನವರೆಗೆ ಬರುವ ತೆಳು ಸ್ಕೀ ಕಾಲುಚೀಲ ಎರಡು ಜೊತೆ, ಒಂದು ಫ್ಲೀಸ್ ಅಂಗಿ, ನೀರು ತಾಳುವ ಕೈಗವಸು, ಗಾಗಲ್. ಬಾಡಿಗೆಗೆ: ಜಾಕೆಟ್, ಪ್ಯಾಂಟ್, ಬೂಟು, ಸ್ಕೀ, ಪೋಲ್, ಹೆಲ್ಮೆಟ್. ನಾಲ್ಕು ಬೆರಳೂ ಒಟ್ಟಿಗಿರುವ ಗವಸು ಬೆರಳು ಬೇರೆಬೇರೆಯಾಗಿರುವ ಗವಸಿಗಿಂತ ಬೆಚ್ಚಗಿರುತ್ತದೆ, ಮಕ್ಕಳಿಗೆ ಅದನ್ನೇ ಕೊಡಿಸಿ. ಮಫ್ಲರ್ ಬದಲು ಕುತ್ತಿಗೆಗೆ ಏರಿಸಿಕೊಳ್ಳುವ ಕೊಳವೆಯಂಥ ಪಟ್ಟಿ ತನ್ನಿ. ಮಫ್ಲರಿನ ತುದಿ ಲಿಫ್ಟಿಗೆ ಸಿಕ್ಕಿಹಾಕಿಕೊಳ್ಳಬಹುದು.

ಉಷ್ಣಾಂಶದ ಅಂಕಿಯನ್ನಷ್ಟೇ ನಂಬಬೇಡಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಹೆಚ್ಚುಕಡಿಮೆ ಮೈನಸ್ 20ರ ಹಾಗೆ. ಬಿಸಿಲೂ ಅಷ್ಟೇ ಕಟು. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇ 80ರಷ್ಟನ್ನು ಮೇಲಕ್ಕೇ ಎಸೆಯುತ್ತದೆ. ಆದ್ದರಿಂದ ಸನ್‌ಸ್ಕ್ರೀನನ್ನು ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಅಡಿಯಲ್ಲಿ, ಕಿವಿಯ ಹಿಂದೆಯೂ ಹಚ್ಚಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.

ಪ್ರ: ಕನ್ನಡಕ ಇಲ್ಲದೆ ನನಗೆ ಏನೂ ಕಾಣದು. ಗಾಗಲ್ ಹೇಗೆ ಹಾಕಲಿ?
— ಶಿವಮೊಗ್ಗದ ಓದುಗರು

ಉ: ಕನ್ನಡಕದ ಮೇಲೆ ಕೂರುವಂತೆ ಎರಡೂ ಬದಿಯಲ್ಲಿ ಸೀಳಿಟ್ಟ, ಆಳವಾದ ಗಾಗಲ್‌ಗಳು ಸಿಗುತ್ತವೆ. ಕೊಳ್ಳುವಾಗ ನಿಮ್ಮ ಕನ್ನಡಕ ಹಾಕಿಕೊಂಡೇ ಪರೀಕ್ಷಿಸಿ. ಗಾಜು ಎರಡು ಪದರದ್ದಿರಲಿ. ಮಂಜು ಕವಿದಾಗ ಗಾಗಲನ್ನು ಹೆಲ್ಮೆಟ್ ಮೇಲೆ ಏರಿಸಬೇಡಿ, ತಲೆಯಿಂದ ಏಳುವ ಬೆವರಿನ ಆವಿ ನೇರ ಒಳಗೆ ಸೇರುತ್ತದೆ. ಒಳಗಿನ ಗಾಜನ್ನು ಗವಸಿನಿಂದ ಒರೆಸಿದರೆ ಮಂಜು ತಡೆಯುವ ಲೇಪ ಕಿತ್ತುಹೋಗುತ್ತದೆ. ಮೋಡದ ದಿನಕ್ಕೆ ಹಳದಿ ಅಥವಾ ಕಿತ್ತಳೆ ಬಣ್ಣದ ಗಾಜು ಬೇಕು, ಕಪ್ಪು ಗಾಜಿನಲ್ಲಿ ನೆಲದ ಉಬ್ಬುತಗ್ಗು ಕಾಣುವುದಿಲ್ಲ.

ಪ್ರ: ಕಳೆದ ವರ್ಷ ಹೋದಾಗ ಅರ್ಧ ಗಂಟೆಯಲ್ಲೇ ಕಾಲ್ಬೆರಳು ಮರಗಟ್ಟುತ್ತಿದ್ದವು, ಕಣಕಾಲಿನ ಮುಂಭಾಗದ ಮೂಳೆಯ ಮೇಲೆ ಕೆಂಪಾಗಿ ನೋಯುತ್ತಿತ್ತು. ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿದ್ದೆ. ಬೂಟು ಸ್ವಲ್ಪ ದೊಡ್ಡದನ್ನೇ ಕೇಳಿ ಪಡೆದಿದ್ದೆ.
— ಬೆಳಗಾವಿಯ ಓದುಗರು

ಉ: ನೀವು ಪಟ್ಟ ನೋವಿಗೆ ಕಾರಣ ನಿಮ್ಮ ಕೊನೆಯ ಎರಡು ವಾಕ್ಯಗಳಲ್ಲಿದೆ. ದೊಡ್ಡ ಬೂಟಿನಲ್ಲಿ ಹಿಮ್ಮಡಿ ಮೇಲೇಳುತ್ತದೆ. ಅದನ್ನು ತಡೆಯಲು ಬಕಲ್‌ಗಳನ್ನು ಬಲವಾಗಿ ಬಿಗಿಯುತ್ತೀರಿ. ಬಿಗಿತ ಪಾದದ ಮೇಲ್ಭಾಗದ ರಕ್ತನಾಳಗಳನ್ನೂ ನರಗಳನ್ನೂ ಒತ್ತಿ ಬೆರಳಿಗೆ ರಕ್ತ ಹೋಗದಂತೆ ಮಾಡುತ್ತದೆ. ಎರಡು ಕಾಲುಚೀಲ ಸೇರಿದರೆ ಒತ್ತಡ ಮತ್ತಷ್ಟು ಹೆಚ್ಚು, ಮಡಿಕೆ ಬಿದ್ದಲ್ಲಿ ಬೊಬ್ಬೆ. ಕಾಲು ಬೆಚ್ಚಗಿರುವುದು ರಕ್ತ ಹರಿದರೆ. ಉಣ್ಣೆ ಎಷ್ಟು ದಪ್ಪವಿದ್ದರೂ ಆ ಕೆಲಸ ಮಾಡದು.

ಸ್ಕೀ ಬೂಟಿನ ಅಳತೆ ಪಾದದ ಉದ್ದದ ಸೆಂಟಿಮೀಟರ್. ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು ಉದ್ದನೆಯ ಬೆರಳಿನ ತುದಿಯವರೆಗೆ ಅಳೆಯಿರಿ. 26.5 ಬಂದರೆ ಬೂಟು 26.5. ಇಲ್ಲಿ ಒಂದು ಗುಟ್ಟು: 26 ಮತ್ತು 26.5ರ ಹೊರಚಿಪ್ಪು ಸಾಮಾನ್ಯವಾಗಿ ಒಂದೇ, ಅರ್ಧ ಅಳತೆಗಾಗಿ ಹೊಸ ಬೂಟು ಹುಡುಕಿ ಪ್ರಯೋಜನವಿಲ್ಲ. ಬಾಡಿಗೆ ಅಂಗಡಿಯಲ್ಲಿ ಒಳಗಿನ ಮೆತ್ತೆಯ ಲೈನರನ್ನು ಹೊರತೆಗೆದು ಬರಿಯ ಚಿಪ್ಪಿನೊಳಗೆ ಪಾದವಿಡಿ. ಬೆರಳು ಮುಂದಕ್ಕೆ ತಾಗುವಂತೆ ನಿಂತಾಗ ಹಿಮ್ಮಡಿಯ ಹಿಂದೆ 15ರಿಂದ 20 ಮಿ.ಮೀ. ಜಾಗ ಇರಬೇಕು. ಮೂರು ಬೆರಳು ಹಿಡಿದರೆ ಬೂಟು ದೊಡ್ಡದು. ಲೈನರ್ ಹಾಕಿ ನೆಟ್ಟಗೆ ನಿಂತಾಗ ಬೆರಳು ತುದಿಗೆ ಸೋಕಬೇಕು, ಮೊಣಕಾಲು ಬಾಗಿಸಿದಾಗ ಹಿಂದೆ ಸರಿಯಬೇಕು. ಮೊದಲ ಐದು ನಿಮಿಷ ಚಿಕ್ಕದೆನಿಸುತ್ತದೆ. ಅದು ಸರಿಯಾದ ಅಳತೆಯ ಲಕ್ಷಣವೇ.

ಹಾಕಿಕೊಳ್ಳುವ ಕ್ರಮವೂ ಮುಖ್ಯ. ಒಂದೇ ತೆಳು ಕಾಲುಚೀಲ. ಒಳ ಪೈಜಾಮದ ಅಂಚು ಬೂಟಿನೊಳಗೆ ಇಳಿಯಕೂಡದು. ನಿಮ್ಮ ಕಣಕಾಲಿನ ಮುಂಭಾಗ ಕೆಂಪಾಗಲು ಆ ಹೊಲಿಗೆಯೂ ಕಾರಣವಿರಬಹುದು. ಹಿಮ್ಮಡಿಯನ್ನು ನೆಲಕ್ಕೆ ಎರಡು ಮೂರು ಸಲ ಗುದ್ದಿ ಹಿಂದಕ್ಕೆ ಕೂರಿಸಿ. ಮೊದಲು ಮೇಲಿನ ಎರಡು ಬಕಲ್‌ಗಳನ್ನು ಸಡಿಲವಾಗಿ ಹಾಕಿ, ಆರೇಳು ಸಲ ಮುಂದಕ್ಕೆ ಬಾಗಿ. ಹಿಮ್ಮಡಿ ಕೂತ ಮೇಲೆ ಅವನ್ನೇ ಒಂದು ಹಲ್ಲು ಬಿಗಿಯಿರಿ. ಆಮೇಲೆ ಮೇಲಿನ ಪಟ್ಟಿ. ಬೆರಳುಗಳ ಮೇಲಿನ ಕೆಳಬಕಲ್‌ಗಳು ಕಳಚದಷ್ಟು ಹಾಕಿದರೆ ಸಾಕು, ಅವು ಹಿಡಿತಕ್ಕೆ ಅಲ್ಲ. ಒಂದು ಹಲ್ಲು ಸಡಿಲ, ಮುಂದಿನದು ಬಿಗಿ ಎಂದಾದರೆ ಬಕಲಿನ ತಂತಿಯನ್ನೇ ತಿರುಪಿನಂತೆ ತಿರುಗಿಸಿ ಉದ್ದ ಹೊಂದಿಸಬಹುದು. ಲಿಫ್ಟಿಗೆ ಸಾಲು ನಿಂತಾಗ ಬಕಲ್ ಬಿಚ್ಚಿಬಿಡಿ.

ಕಣಕಾಲಿನ ಮುಂಭಾಗದ ಮೂಳೆ ನೋಯುವುದಕ್ಕೆ ಹಿಂದಕ್ಕೆ ವಾಲಿ ನಿಲ್ಲುವುದೂ ಕಾರಣ. ಕಣಕಾಲು ಬೂಟಿನ ನಾಲಗೆಗೆ ಸದಾ ಒರಗಿದ್ದರೆ ನೋವಿಲ್ಲ. ಹಿಂದೆ ಸರಿದು ಪ್ರತಿ ಉಬ್ಬಿಗೂ ಮುಂದಕ್ಕೆ ಬಡಿದರೆ ಜಜ್ಜಿಹೋಗುತ್ತದೆ.

ರಾತ್ರಿ ಲೈನರ್ ಹೊರತೆಗೆದು ಕೋಣೆಯ ಬಿಸಿಯಲ್ಲಿ ಒಣಗಿಸಿ. ಬುಖಾರಿಯ ಮೇಲಿಟ್ಟರೆ ಅದರ ಆಕಾರ ಕೆಡುತ್ತದೆ.

ಪ್ರ: ಔಲಿಯಲ್ಲಿ 7 ದಿನದ ಕೋರ್ಸ್ ಮುಗಿಸಿದ್ದೇನೆ. ಸಮತಟ್ಟಾದ ಕಡೆ ಸ್ನೋಪ್ಲೌ ಹಾಕಿ ತಿರುಗಬಲ್ಲೆ. ಸ್ವಲ್ಪ ಕಡಿದಾದ ಕಡೆ ಹೋದರೆ ಸ್ಕೀಗಳನ್ನು ಎಷ್ಟು ಅಗಲಿಸಿದರೂ ವೇಗ ನಿಲ್ಲುವುದಿಲ್ಲ, ತೊಡೆ ಉರಿಯುತ್ತದೆ, ಕೊನೆಗೆ ಬೀಳುತ್ತೇನೆ. ಎರಡೂ ಸ್ಕೀಗಳನ್ನು ಸಮಾಂತರವಾಗಿಟ್ಟು ತಿರುಗುವ ಪ್ಯಾರಲಲ್ ಟರ್ನ್‌ಗೆ ಹೋಗುವುದು ಹೇಗೆ?
— ಬೆಂಗಳೂರಿನ ಓದುಗರು

ಉ: ಸ್ನೋಪ್ಲೌ, ಅಂದರೆ ಸ್ಕೀಗಳ ಮುಂತುದಿ ಕೂಡಿಸಿ ಹಿಂದನ್ನು ಅಗಲಿಸಿ ತಡೆಯುವ ವಿಧಾನ, ಸೌಮ್ಯ ಇಳಿಜಾರಿಗೆ ಮಾತ್ರ. ಯುರೋಪಿನಲ್ಲಿ ನೀಲಿ ಗುರುತಿನ ದಾರಿಗಳ ಇಳಿಜಾರು ಸಾಮಾನ್ಯವಾಗಿ ಶೇ 25ರೊಳಗೆ, ಅಂದರೆ ಸುಮಾರು 14 ಡಿಗ್ರಿ. ಅದಕ್ಕಿಂತ ಕಡಿದಾದಲ್ಲಿ ಬರಿಯ ಕಾಲಿನ ಬಲದಿಂದ ಅಗಲಿಸಿ ನಿಲ್ಲಿಸಲು ಆಗದು. ವೇಗವನ್ನು ಅಲ್ಲಿ ಹಿಡಿಯುವುದು ತಿರುವಿನ ಆಕಾರದಿಂದ. ಸ್ಕೀಗಳು ಇಳಿಜಾರಿಗೆ ಪೂರ್ತಿ ಅಡ್ಡವಾಗಿ, ಕೊಂಚ ಮೇಲ್ಮುಖವಾಗುವವರೆಗೂ ತಿರುವು ಮುಗಿಸಿ. ಹೊಸಬರು ಅರ್ಧ ತಿರುಗಿದ ಕೂಡಲೇ ಹೆದರಿ ಇನ್ನೊಂದು ಬದಿಗೆ ತಿರುಗಲು ಹೊರಡುತ್ತಾರೆ. ಹಾಗಾಗಿ ಪ್ರತಿ ತಿರುವಿನಲ್ಲೂ ವೇಗ ಉಳಿದು ಮುಂದಿನದಕ್ಕೆ ಕೂಡುತ್ತಾ ಹೋಗುತ್ತದೆ. ನಾಲ್ಕನೆಯ ತಿರುವಿಗೆ ಬೀಳುವುದು ಅದಕ್ಕೇ.

ತೊಡೆ ಉರಿಯುವುದು ಹಿಂದಕ್ಕೆ ಕೂತಂತೆ ನಿಂತಿದ್ದೀರಿ ಎಂಬುದರ ಸೂಚನೆ. ಇಳಿಜಾರು ಕಂಡಾಗ ಮೈ ಬೆಟ್ಟದ ಕಡೆಗೆ ವಾಲುವುದು ಸಹಜ. ಹಾಗೆ ವಾಲಿದರೆ ಭಾರ ಸ್ಕೀಯ ಹಿಂತುದಿಗೆ ಬೀಳುತ್ತದೆ, ಮುಂತುದಿ ಹಗುರಾಗಿ ಹಿಮವನ್ನು ಕಚ್ಚುವುದಿಲ್ಲ, ತಿರುಗಿಸಿದರೂ ತಿರುಗುವುದಿಲ್ಲ. ಮೂರು ಗುರುತು ನೋಡಿಕೊಳ್ಳಿ: ಕಣಕಾಲು ಬೂಟಿನ ನಾಲಗೆಯನ್ನು ಒತ್ತುತ್ತಿದೆಯೇ, ಎರಡೂ ಕೈ ಸೊಂಟದೆತ್ತರಕ್ಕೆ ಮುಂದಿದ್ದು ಕಣ್ಣಂಚಿಗೆ ಕಾಣುತ್ತಿವೆಯೇ, ಸೊಂಟ ಪಾದಗಳ ಮೇಲಿದೆಯೇ. ಕೈ ಹಿಂದೆ ಹೋದರೆ ಸೊಂಟವೂ ಹಿಂದೆ ಹೋಗುತ್ತದೆ.

ತಿರುವಿನಲ್ಲಿ ಭಾರ ಹೊರಗಿನ ಸ್ಕೀ ಮೇಲಿರಬೇಕು. ಎಡಕ್ಕೆ ತಿರುಗುವಾಗ ಬಲಗಾಲು, ಬಲಕ್ಕೆ ತಿರುಗುವಾಗ ಎಡಗಾಲು. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ನಿಂತವರ ಹೊರಗಾಲು ತಿರುವು ಬಂದಾಗ ತಾನಾಗಿ ಗಟ್ಟಿಯಾಗಿ ಊರುತ್ತದಲ್ಲ, ಅದೇ ಬಲ ಇಲ್ಲಿಯೂ ಕೆಲಸ ಮಾಡುತ್ತದೆ. ಒಳಗಿನ ಸ್ಕೀ ಮೇಲೆ ನಿಂತರೆ ಹೊರಗಿನದು ಜಾರಿ ಕಾಲುಗಳು ಸೀಳುತ್ತವೆ.

ಅಭ್ಯಾಸವನ್ನು ಹೀಗೆ ಏರಿಸುತ್ತಾ ಹೋಗಿ. ಮೊದಲ ದಿನ ಪೂರ್ತಿ ಅಡ್ಡಜಾರು. ಚೊಕ್ಕವಾಗಿ ಒತ್ತಿದ ಹಿಮವಿರುವ, ಸ್ವಲ್ಪ ಕಡಿದಾದ ಕಡೆ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟು ನಿಲ್ಲಿ. ಮೊಣಕಾಲುಗಳನ್ನು ಕಣಿವೆಯ ಕಡೆಗೆ ನಿಧಾನ ಸಡಿಲಿಸಿದರೆ ಸ್ಕೀಗಳ ಅಂಚು ಹಿಮ ಬಿಟ್ಟು ನೇರ ಕೆಳಕ್ಕೆ ಜಾರುತ್ತೀರಿ. ಮೊಣಕಾಲನ್ನು ಬೆಟ್ಟದ ಕಡೆ ಒತ್ತಿದರೆ ಅಂಚು ಕಚ್ಚಿ ನಿಲ್ಲುತ್ತೀರಿ. ಎರಡು ಮೀಟರ್ ಜಾರು, ನಿಲ್ಲು, ಮತ್ತೆ ಜಾರು. ಎಡಕ್ಕೆ ಹತ್ತು, ಬಲಕ್ಕೆ ಹತ್ತು. ಈ ಒಂದು ಅಭ್ಯಾಸವನ್ನು ಬಿಟ್ಟು ಮುಂದೆ ಹೋದವರೇ ಕಡಿದಾದಲ್ಲಿ ಕಂಗಾಲಾಗುವುದು. ಏಕೆಂದರೆ ಸಿಕ್ಕಿಬಿದ್ದ ಯಾವ ಇಳಿಜಾರಿನಿಂದಲೂ ಅಡ್ಡಜಾರಿನಲ್ಲೇ ಇಳಿದು ಬರಬಹುದು.

ಎರಡನೆಯ ದಿನ ಅರೆ ತಿರುವುಗಳ ಮಾಲೆ. ಅಡ್ಡಕ್ಕೆ ಹೋಗುತ್ತಾ ಸ್ಕೀಗಳ ಮುಂತುದಿ ಸ್ವಲ್ಪ ಕೆಳಮುಖವಾಗಲು ಬಿಡಿ, ವೇಗ ಬಂದ ಕೂಡಲೇ ಮತ್ತೆ ಮೇಲ್ಮುಖ ತಿರುಗಿಸಿ. ಪೂರ್ತಿ ತಿರುಗದೆ ಒಂದೇ ದಿಕ್ಕಿನಲ್ಲಿ ಐದಾರು ಸಲ. ತಿರುವಿನ ಕೊನೆಯ ಭಾಗ ಹೀಗೆ ಮೈಗೂಡುತ್ತದೆ.

ಮೂರನೆಯದಾಗಿ, ನಿಮಗೆ ಬರುವ ಸ್ನೋಪ್ಲೌ ತಿರುವನ್ನೇ ತೆಗೆದುಕೊಳ್ಳಿ, ಆದರೆ ಕಾಲನ್ನು ಕಡಿಮೆ ಅಗಲಿಸಿ. ನೇರ ಇಳಿಮುಖದ ಗೆರೆ ದಾಟಿದೊಡನೆ ಒಳಗಿನ ಸ್ಕೀಯ ಹಿಂತುದಿಯನ್ನು ಹಗುರ ಮಾಡಿ ಹೊರಗಿನದರ ಪಕ್ಕಕ್ಕೆ ತನ್ನಿ. ತಿರುವು ಮುಗಿಯುವಾಗ ಎರಡೂ ಸಮಾಂತರ. ದಿನದಿನಕ್ಕೆ ಅದನ್ನು ತಿರುವಿನ ಮೊದಲ ಭಾಗಕ್ಕೇ ತರುತ್ತಾ ಹೋದರೆ ಪ್ಲೌ ತಾನಾಗಿ ಕರಗುತ್ತದೆ. ಪರೀಕ್ಷೆ ಸುಲಭ: ತಿರುವಿನ ನಡುವೆ ಒಳಗಿನ ಸ್ಕೀಯ ಹಿಂಭಾಗವನ್ನು ಒಂದು ಇಂಚು ಎತ್ತಿ ಒಂದು ಕ್ಷಣ ಹಿಡಿಯಲು ಸಾಧ್ಯವೇ? ಆಗದಿದ್ದರೆ ಭಾರ ಇನ್ನೂ ಒಳಗಿದೆ. ಭುಜ ಕಣಿವೆಯ ಕಡೆಗೇ ಇರಲಿ, ತಿರುಗಬೇಕಾದ್ದು ಸೊಂಟದಿಂದ ಕೆಳಗೆ.

ಉಪಕರಣವನ್ನೂ ನೋಡಿ. ಬಾಡಿಗೆಯ ಹಳೆಯ ಸ್ಕೀಗಳಲ್ಲಿ ಉಕ್ಕಿನ ಅಂಚು ಸವೆದಿರುತ್ತದೆ. ಹೆಬ್ಬೆರಳಿನ ಉಗುರನ್ನು ಅಂಚಿಗೆ ಅಡ್ಡ ಎಳೆದರೆ ಸಣ್ಣಗೆ ಹೆರೆಯಬೇಕು. ನುಣ್ಣಗೆ ಜಾರಿದರೆ ಬೇರೆ ಜೊತೆ ಕೇಳಿ, ಬೆಳಗಿನ ಗಟ್ಟಿ ಹಿಮದಲ್ಲಿ ಅದು ಕಚ್ಚುವುದಿಲ್ಲ. ಕಲಿಯುವವರಿಗೆ ಸ್ಕೀಯ ಉದ್ದ ಗಲ್ಲದಿಂದ ಮೂಗಿನ ನಡುವೆ ಇರಲಿ. ಹೊಸ ಹಿಮ ಮೊಣಕಾಲು ಮುಳುಗುವಷ್ಟಿದ್ದರೆ ಹೊರಗಿನ ಸ್ಕೀ ಮೇಲೆ ಭಾರ ಎಂಬ ಮಾತು ಸ್ವಲ್ಪ ಬದಲು: ಅಲ್ಲಿ ಎರಡೂ ಸ್ಕೀ ಮೇಲೆ ಹೆಚ್ಚುಕಡಿಮೆ ಸಮಭಾರ, ಇಲ್ಲವಾದರೆ ಭಾರವಾದದ್ದು ಮುಳುಗುತ್ತದೆ.

ಪ್ರ: ನನಗೆ 54. ಮೊಣಕಾಲು ಆಗಾಗ ನೋಯುತ್ತದೆ, ಊತವಿಲ್ಲ. ಫೆಬ್ರುವರಿಯಲ್ಲಿ ಮಕ್ಕಳ ಜೊತೆ ಕಲಿಯಬಹುದೇ?
— ಮೈಸೂರಿನ ಓದುಗರು

ಉ: ಮೂಳೆ ವೈದ್ಯರಿಗೆ ಒಮ್ಮೆ ತೋರಿಸಿ, ಅವರು ಒಪ್ಪಿದರೆ ಕಲಿಯಬಹುದು. ಎಂಟು ವಾರ ಮೊದಲೇ ತಯಾರಿ ಶುರುಮಾಡಿ, ವಾರಕ್ಕೆ ಮೂರು ದಿನ ಸಾಕು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ 30 ಸೆಕೆಂಡು, ಮೂರು ಸಲ. ವಾರವಾರಕ್ಕೆ 60ಕ್ಕೆ ಏರಿಸಿ. ಒಂದು ಮೆಟ್ಟಿಲಿನಿಂದ ಒಂಟಿ ಕಾಲಿನ ಬಲದಲ್ಲಿ ಮೂರು ಎಣಿಸುವಷ್ಟು ನಿಧಾನವಾಗಿ ಇಳಿಯುವುದು, ಪ್ರತಿ ಕಾಲಿಗೆ ಹತ್ತು. ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲಿ. ಸ್ಕೀಯಿಂಗ್‌ನಲ್ಲಿ ಸ್ನಾಯು ಬಹುತೇಕ ಹಿಗ್ಗುತ್ತಲೇ ಭಾರ ತಡೆಯುತ್ತದೆ. ಹಾಗಾಗಿ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಹತ್ತುವುದಕ್ಕಿಂತ ಇಳಿಯುವುದು ಒಳ್ಳೆಯ ತಯಾರಿ. ಆದರೆ ಒಂದೇ ಸಲ ಸಾವಿರ ಮೆಟ್ಟಿಲು ಬೇಡ, ನೂರರಿಂದ ಶುರುಮಾಡಿ.

ಬೈಂಡಿಂಗ್ ಎಂದರೆ ಬಿದ್ದಾಗ ಬೂಟನ್ನು ಬಿಟ್ಟುಕೊಡುವ ಕೊಂಡಿ. ಅದರ ಬಿಗಿತವನ್ನು ತೂಕ, ಎತ್ತರ, ಬೂಟಿನ ಅಡಿಯ ಉದ್ದ, ವಯಸ್ಸು, ಅನುಭವ ನೋಡಿ ಇಡುತ್ತಾರೆ. 50 ದಾಟಿದವರಿಗೆ ಒಂದು ಹಂತ ಕಡಿಮೆ. ಅಂಗಡಿಯವರು ಕೇಳದಿದ್ದರೂ ನಿಮ್ಮ ವಯಸ್ಸು, ನಿಜವಾದ ತೂಕ ಹೇಳಿ. ಹೊಸಬರು ಎಂದೂ ಹೇಳಿ.

ಮೊಣಕಾಲಿನ ಮೂಳೆಗಳನ್ನು ಬಿಗಿದಿಡುವ ಎಸಿಎಲ್ ಎಂಬ ಕಟ್ಟು ಹರಿಯುವುದು ಹೆಚ್ಚಾಗಿ ಹಿಂದಕ್ಕೆ ಕುಸಿದು, ಸೊಂಟ ಮೊಣಕಾಲಿಗಿಂತ ಕೆಳಗಿಳಿದು, ಕೆಳಗಿನ ಸ್ಕೀಯ ಹಿಂತುದಿ ಒಳಕ್ಕೆ ತಿರುಚಿದಾಗ. ಬೀಳುತ್ತಿದ್ದೀರೆಂದು ಗೊತ್ತಾದರೆ ಬಿದ್ದುಬಿಡಿ: ಬದಿಗೆ, ಬೆಟ್ಟದ ಕಡೆಗೆ, ಕೈ ಮುಂದೆ, ಮೊಣಕಾಲು ಬಾಗಿ. ಪೂರ್ತಿ ನಿಲ್ಲುವವರೆಗೆ ಏಳಲು ಹೋಗಬೇಡಿ. ಜಾರುತ್ತಲೇ ಏಳಲು ಯತ್ನಿಸಿದಾಗಲೂ ಕಟ್ಟು ಹರಿಯುತ್ತದೆ. ದಿನದ ಕೊನೆಯ ಸುತ್ತಿಗೆ ಆಸೆಪಡಬೇಡಿ, ದಣಿದ ಸ್ನಾಯು ಮೊಣಕಾಲನ್ನು ಕಾಯುವುದಿಲ್ಲ.

ಪ್ರ: ಮಗಳಿಗೆ 14. ಓಟದಲ್ಲಿ ಚುರುಕು. ಸ್ಕೀಯಿಂಗ್ ಸ್ಪರ್ಧೆಗೆ ಕರ್ನಾಟಕದಿಂದ ಹೋಗಲು ಸಾಧ್ಯವೇ?
— ಮಡಿಕೇರಿಯ ಓದುಗರು

ಉ: ನಿಮ್ಮ ಜಿಲ್ಲೆಯವರೇ ಆದ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ಅವರ ವಿಭಾಗ ಕ್ರಾಸ್-ಕಂಟ್ರಿ. ಅದರಲ್ಲಿ ಹಿಮ್ಮಡಿ ಬಿಟ್ಟಿರುವ ಹಗುರ ಸ್ಕೀಗಳ ಮೇಲೆ ಏರಿಳಿತದ ದಾರಿಯಲ್ಲಿ ಕಿಲೋಮೀಟರ್‌ಗಟ್ಟಲೆ ಓಡಬೇಕು. ದಮ್ಮೇ ಬಂಡವಾಳ. ಹಿಮವಿಲ್ಲದ ತಿಂಗಳುಗಳಲ್ಲಿ ಡಾಂಬರು ರಸ್ತೆಯ ಮೇಲೆ ಚಕ್ರದ ರೋಲರ್ ಸ್ಕೀಗಳಲ್ಲಿ ಅಭ್ಯಾಸ ಮಾಡುತ್ತಾರೆ, ಇದಕ್ಕೆ ಕೊಡಗಿನ ಏರು ರಸ್ತೆ ಹೊಂದುತ್ತದೆ. ಇಳಿಜಾರಿನ ಆಲ್ಪೈನ್ ವಿಭಾಗಕ್ಕೆ ಮಾತ್ರ ಚಿಕ್ಕಂದಿನಿಂದ ಹಿಮದಲ್ಲೇ ಬೆಳೆಯುವ ಅನುಕೂಲ ಬೇಕಾಗುತ್ತದೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಆರಿಫ್ ಖಾನ್ ಗುಲ್ಮಾರ್ಗ್ ತಪ್ಪಲಿನವರು. ಮಗಳಿಗೆ ಮೊದಲು ಓಟ ಮತ್ತು ರೋಲರ್ ಸ್ಕೀ, ಆಮೇಲೆ ಒಂದು ಹಿಮ ಶಿಬಿರ.

ಪ್ರ: ಮ್ಯೂನಿಕ್‌ನಲ್ಲಿದ್ದೇವೆ. ಊರಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಜನವರಿಯಲ್ಲಿ ಕಾರಿನಲ್ಲಿ ಆಸ್ಟ್ರಿಯಾದ ಟಿರೋಲ್‌ಗೆ ಕರೆದೊಯ್ದು, ನಾವು ಸ್ಕೀ ಮಾಡುವಾಗ ಅವರಿಗೂ ಬೇಸರವಾಗದಂತೆ ಮಾಡುವುದು ಹೇಗೆ?
— ಮ್ಯೂನಿಕ್‌ನ ಓದುಗರು

ಉ: ಕಾರಿನಿಂದ ಶುರುಮಾಡೋಣ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರು ಕಡ್ಡಾಯ, ಅದರ ಕಚ್ಚು ಕನಿಷ್ಠ 4 ಮಿ.ಮೀ. ಇರಬೇಕು. ಜರ್ಮನಿಯ 1.6 ಮಿ.ಮೀ. ಲೆಕ್ಕ ಅಲ್ಲಿ ನಡೆಯದು. ಹೆದ್ದಾರಿಗೆ ವಿನ್ಯೆಟ್ ಎಂಬ ಸುಂಕದ ಪರವಾನಗಿ ಬೇಕು. ಸರಪಳಿ ಒಯ್ಯಿರಿ, ಮನೆಯಂಗಳದಲ್ಲೇ ಒಮ್ಮೆ ಹಾಕಿ ತೆಗೆದು ಕಲಿತಿರಿ. ಗಾಜು ತೊಳೆಯುವ ನೀರಿಗೆ ಮೈನಸ್ 20ಕ್ಕೂ ಹೆಪ್ಪುಗಟ್ಟದ ದ್ರವ ಬೆರೆಸಿ. ಶನಿವಾರ ಬೆಳಿಗ್ಗೆ ಹೊರಡಬೇಡಿ: ವಾರದ ಬಾಡಿಗೆಯ ಮನೆಗಳೆಲ್ಲ ಅಂದೇ ಕೈಬದಲಾಗುವುದರಿಂದ ಗಂಟೆಗಟ್ಟಲೆ ಸಾಲು. ಆಗ ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆ ಹಿಡಿಯಲು ಟಿರೋಲ್ ಆಡಳಿತ ಬಿಡುವುದೂ ಇಲ್ಲ. ಗಡಿ ತಪಾಸಣೆ ಇರುವುದರಿಂದ ಹಿರಿಯರ ಪಾಸ್‌ಪೋರ್ಟು ಕೈಯಲ್ಲಿರಲಿ.

ಅಪ್ಪ, ಅಮ್ಮನಿಗೆ ನಡೆಯುವವರ ಗೊಂಡೋಲಾ (ಕೇಬಲ್ ಕಾರ್) ಟಿಕೆಟ್ ಪ್ರತ್ಯೇಕವಾಗಿ ಸಿಗುತ್ತದೆ. ಮೇಲೆ ಹಿಮ ಒತ್ತಿ ಹದಮಾಡಿದ ಕಾಲುದಾರಿಗಳಿರುತ್ತವೆ. ಅವರ ಶೂಗೆ ರಬ್ಬರಿನಲ್ಲಿ ಕೂರುವ ಮೊಳೆಪಟ್ಟಿ ಕೊಡಿಸಿ, ಸೊಂಟ ಮುರಿಯುವುದು ಇಳಿಜಾರಿಗಿಂತ ಹೆಚ್ಚಾಗಿ ಪಾರ್ಕಿಂಗ್ ಜಾಗದ ಮಂಜುಗಡ್ಡೆಯಲ್ಲಿ. ಹಿಮಗಾಡಿಯ ಜಾರುದಾರಿ ಹಿರಿಯರಿಗೆ ಬೇಡ. ಹೃದಯದ ತೊಂದರೆ ಇದ್ದರೆ 2,962 ಮೀಟರಿನ ತ್ಸುಗ್‌ಸ್ಪಿಟ್ಸೆಯಂಥ ಶಿಖರಕ್ಕೆ ಕೆಲವೇ ನಿಮಿಷದಲ್ಲಿ ಕರೆದೊಯ್ಯುವ ಮುನ್ನ ವೈದ್ಯರನ್ನು ಕೇಳಿ. ಸಸ್ಯಾಹಾರಿಗಳಾದರೆ ಬೆಟ್ಟದ ಉಪಾಹಾರ ಗೃಹದಲ್ಲಿ ಗೆರ್ಮ್‌ಕ್ನೋಡೆಲ್ ಎಂಬ, ಪ್ಲಮ್ ಹೂರಣವಿಟ್ಟು ಹಬೆಯಲ್ಲಿ ಬೇಯಿಸಿದ ದೊಡ್ಡ ಉಂಡೆ ಅಮ್ಮನಿಗೆ ಹಿಡಿಸಬಹುದು. ಮೊಟ್ಟೆ ತಿನ್ನದವರಾದರೆ ಹಿಟ್ಟಿಗೆ ಹಾಕಿದ್ದಾರೆಯೇ ಎಂದು ವಿಚಾರಿಸಿ. ಸೂಪಿಗೆ ಮಾಂಸದ ಸಾರು ಬಳಸುವುದು ಸಾಮಾನ್ಯ, ಕೇಳಿಯೇ ತೆಗೆದುಕೊಳ್ಳಿ.

ಅಲ್ಲಿಂದ ಇಟಲಿಗೂ ದಾಟುವುದಾದರೆ, 2022ರಿಂದ ಅಲ್ಲಿ ಸ್ಕೀ ಮಾಡುವವರಿಗೆ ಇತರರಿಗಾದ ಹಾನಿ ತುಂಬಿಕೊಡುವ ವಿಮೆ ಕಡ್ಡಾಯ. ಹೆಲ್ಮೆಟ್ ಈಗ ಎಲ್ಲ ವಯಸ್ಸಿನವರಿಗೂ ಕಡ್ಡಾಯ.

ಪ್ರ: ಗುಲ್ಮಾರ್ಗ್‌ನ ಎರಡನೆಯ ಹಂತದ ಗೊಂಡೋಲಾ ಹತ್ತಿ ಅಫರ್ವಾಟ್ ಬೆಟ್ಟದಿಂದ ಕೆಳಕ್ಕೆ ಪುಡಿಹಿಮದಲ್ಲಿ ಇಳಿಯೋಣ ಎಂದು ಗೆಳೆಯರು ಕರೆಯುತ್ತಿದ್ದಾರೆ. ನನಗೆ ಪ್ಯಾರಲಲ್ ಟರ್ನ್ ಬರುತ್ತದೆ. ಹೋಗಲೇ?
— ಮಂಗಳೂರಿನ ಓದುಗರು

ಉ: ಗೊಂಡೋಲಾದಲ್ಲಿ ಹೋಗಿ ನೋಡಿ, ಗೊಂಡೋಲಾದಲ್ಲೇ ಇಳಿಯಿರಿ. ಅದು ಮುಟ್ಟುವುದು ಸುಮಾರು 3,950 ಮೀಟರ್‌ಗೆ. ಅಲ್ಲಿಂದ ಊರಿಗೆ 1,300 ಮೀಟರ್ ಇಳಿತ. ಹದಮಾಡಿದ ದಾರಿಯ ಮೇಲೆ ಬರುವ ಪ್ಯಾರಲಲ್ ಟರ್ನ್ ಅಲ್ಲಿನ ಒತ್ತದ ಹಿಮಕ್ಕೆ ಸಾಲದು. ಅದಕ್ಕಿಂತ ದೊಡ್ಡ ಕಾರಣ ಹಿಮಕುಸಿತ. 2023ರ ಫೆಬ್ರುವರಿಯಲ್ಲಿ ಅಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿಯಲ್ಲಿ ರಷ್ಯಾದ ಒಬ್ಬರು ಹಿಮದಡಿ ಸಿಕ್ಕು ತೀರಿಕೊಂಡರು.

ಹಾಳೆಯಂತೆ ಕಳಚಿ ಬರುವ ಕುಸಿತಗಳು ಹೆಚ್ಚಾಗಿ ಹುಟ್ಟುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಸ್ಕೀ ಮಾಡಲು ಆಸೆ ಹುಟ್ಟಿಸುವ ಅದೇ ಇಳಿಜಾರಿನಲ್ಲಿ. ಹಳೆಯ ಸಡಿಲ ಪದರದ ಮೇಲೆ ಹೊಸ ಹಿಮ ಬಿದ್ದು, ಗಾಳಿ ಅದನ್ನು ಒಂದೆಡೆ ರಾಶಿ ಹಾಕಿದಾಗ ಒಬ್ಬ ಮನುಷ್ಯನ ಭಾರವೂ ಅದನ್ನು ಕಳಚಬಲ್ಲದು. ಒಂದೇ ದಿನ 30 ಸೆ.ಮೀ. ಹಿಮ ಬಿದ್ದ ಮೇಲಿನ ಮೊದಲ ಒಂದೆರಡು ದಿನ ಅತಿ ಅಪಾಯದವು. ಕಾಲ ಕೆಳಗೆ ಧೊಪ್ಪೆಂದು ಕುಸಿದ ಸದ್ದು, ಸ್ಕೀಯಿಂದ ಹರಡುವ ಬಿರುಕು, ಪಕ್ಕದ ಇಳಿಜಾರಿನಲ್ಲಿ ಆಗಲೇ ಕುಸಿದ ಗುರುತು, ಇವುಗಳಲ್ಲಿ ಒಂದು ಕಂಡರೂ ಹಿಂದಿರುಗಬೇಕು.

ಮುಂದೊಂದು ದಿನ ಹೋಗುವುದೇ ಆದರೆ ಸ್ಥಳೀಯ ಗೈಡ್ ಮತ್ತು ಸ್ಕೀ ಗಸ್ತು ಪಡೆ ತೆರೆದ ಗಡಿಯೊಳಗೆ ಮಾತ್ರ. ಪ್ರತಿಯೊಬ್ಬರ ಮೈಮೇಲೂ ಟ್ರಾನ್ಸೀವರ್, ಚೀಲದಲ್ಲಿ ಲೋಹದ ಸಲಿಕೆ, ಕನಿಷ್ಠ 240 ಸೆ.ಮೀ. ಉದ್ದದ ಶೋಧಕ ಕಂಬಿ. ಟ್ರಾನ್ಸೀವರ್ ಎಂದರೆ ಹಿಮದಡಿಯಿಂದ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಸಾಧನ. ಅದರಿಂದ ಫೋನನ್ನು 20 ಸೆ.ಮೀ., ಹುಡುಕುವಾಗ 50 ಸೆ.ಮೀ. ದೂರ ಇಡಬೇಕು, ಇಲ್ಲವಾದರೆ ಸಂಕೇತ ಕೆಡುತ್ತದೆ. ಇವೆಲ್ಲ ಇದ್ದೂ ಬಳಸಲು ಬಾರದಿದ್ದರೆ ಪ್ರಯೋಜನವಿಲ್ಲ. ಹೂತವರನ್ನು 10-15 ನಿಮಿಷದೊಳಗೆ ತೆಗೆದರೆ ಬಹಳಷ್ಟು ಮಂದಿ ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಆಸೆ ತೀರಾ ಕಡಿಮೆ. ಅಷ್ಟರೊಳಗೆ ಊರಿನಿಂದ ಯಾರೂ ಬಂದು ಮುಟ್ಟಲಾರರು, ತೆಗೆಯಬೇಕಾದವರು ಜೊತೆಯಲ್ಲಿದ್ದವರೇ. ಕರೆಯುತ್ತಿರುವ ಗೆಳೆಯರು ಹಿಮದಲ್ಲಿ ಹೂತಿಟ್ಟ ಟ್ರಾನ್ಸೀವರನ್ನು ಐದು ನಿಮಿಷದಲ್ಲಿ ಹುಡುಕಿ ತೋರಿಸಲಿ. ಆಮೇಲೆ ಯೋಚಿಸಿ.

ಪ್ರ: ನನ್ನ ಆರೋಗ್ಯ ವಿಮೆ ಸ್ಕೀಯಿಂಗ್ ಅಪಘಾತಕ್ಕೆ ಅನ್ವಯಿಸುತ್ತದೆಯೇ?
— ದಾವಣಗೆರೆಯ ಓದುಗರು

ಉ: ಭಾರತದ ಆರೋಗ್ಯ ವಿಮೆಗಳ ಪ್ರಮಾಣಿತ ಹೊರಗಿಡುವಿಕೆಯಲ್ಲಿ ಸಾಹಸ ಕ್ರೀಡೆಯ ಷರತ್ತು ಇರುವುದು ಅದನ್ನು ವೃತ್ತಿಯಾಗಿ ಆಡುವವರ ವಿಷಯದಲ್ಲಿ. ಹವ್ಯಾಸಕ್ಕೆ ಸ್ಕೀ ಮಾಡಿ ಕಾಲು ಮುರಿದರೆ ಆಸ್ಪತ್ರೆಯ ಖರ್ಚು ಸಾಮಾನ್ಯವಾಗಿ ಸಿಗಬೇಕು. ಅಪಘಾತ ವಿಮೆ ಮತ್ತು ವಿದೇಶ ಪ್ರವಾಸ ವಿಮೆಯ ಷರತ್ತು ಬೇರೆ. ಅವುಗಳಲ್ಲಿ ಚಳಿಗಾಲದ ಕ್ರೀಡೆಯನ್ನು ಹೆಚ್ಚುವರಿ ಹಣ ಕೊಟ್ಟು ಸೇರಿಸಬೇಕಾಗುವುದುಂಟು. ಯುರೋಪಿನ ಷೆಂಗೆನ್ ವೀಸಾಕ್ಕೆ ಬೇಕಾದ ಕನಿಷ್ಠ 30,000 ಯೂರೋ ವಿಮೆ ಇದ್ದ ಮಾತ್ರಕ್ಕೆ ಸ್ಕೀಯಿಂಗ್ ಸೇರಿದೆ ಎಂದುಕೊಳ್ಳಬೇಡಿ. ಕಂಪನಿಗೆ ಮೂರು ಪ್ರಶ್ನೆಗಳನ್ನು ಇಮೇಲಿನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ: ಹವ್ಯಾಸಿ ಸ್ಕೀಯಿಂಗ್ ಸೇರಿದೆಯೇ, ಗುರುತು ಮಾಡಿದ ದಾರಿಯ ಹೊರಗೆ ಹೋದರೂ ಸೇರಿದೆಯೇ, ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಕೊಡುತ್ತಾರೆಯೇ.